ಒಣ ದೊಡ್ಡಪತ್ರೆ ಯಾಕಿಲ್ಲ?

ಹೊಸೂರಿನ ಒಂದೇ ಬೀದಿಯಲ್ಲಿ ಈ ಗಿಡಕ್ಕೆ ಮೂರು ಭಾಷೆಯ ಹೆಸರು. ಕನ್ನಡದ ಮನೆಯಲ್ಲಿ ದೊಡ್ಡಪತ್ರೆ, ತೆಲುಗಿನವರಿಗೆ ವಾಮಾಕು, ತಮಿಳರಿಗೆ ಓಮವಳ್ಳಿ ಇಲ್ಲವೇ ಕರ್ಪೂರವಳ್ಳಿ. ವಾಮು, ಓಮಂ ಎರಡೂ ನಮ್ಮ ಓಮವೇ. ಎಲೆ ಕಿವುಚಿ ಮೂಸಿದವರು ಇಟ್ಟ ಹೆಸರುಗಳಿವು. ಕರ್ಪೂರವಳ್ಳಿ ಎಂಬ ಬಾಳೆಯ ತಳಿಯೂ ಇರುವುದರಿಂದ ಕೃಷ್ಣಗಿರಿಯ ಸಂತೆಯಲ್ಲಿ ಎಲೆಯೋ ಹಣ್ಣೋ ಎಂದು ಬಿಡಿಸಿ ಹೇಳಬೇಕು.

ಕನ್ನಡ ಹೆಸರು ವಾಸನೆಯ ಮಾತನ್ನೇ ಎತ್ತುವುದಿಲ್ಲ. ತಿನ್ನುವ ಎಲೆಯನ್ನು ನಾವು ಸೊಪ್ಪು ಎನ್ನುತ್ತೇವೆ: ದಂಟಿನ ಸೊಪ್ಪು, ಮೆಂತ್ಯದ ಸೊಪ್ಪು. ಪತ್ರೆ ಎಂದರೆ ಬಿಲ್ವಪತ್ರೆಯಂತೆ ದೇವರಿಗೆ ಏರುವಂಥದ್ದು. ತಂಬುಳಿಗೂ ಬಜ್ಜಿಗೂ ಬೀಳುವ ಈ ಎಲೆಗೆ ಆ ಮರ್ಯಾದೆಯ ಪದ ಸಿಕ್ಕಿದ್ದು ನನಗೆ ತುಂಬ ಇಷ್ಟ. ಮಲೆನಾಡಿನಲ್ಲಿ ಇದನ್ನೇ ಸಾಂಬಾರ ಸೊಪ್ಪು ಎನ್ನುವವರೂ ಇದ್ದಾರೆ.

ಇಂಗ್ಲಿಷಿನಲ್ಲಿ ಇದು ಇಂಡಿಯನ್ ಬೋರೇಜ್, ಮೆಕ್ಸಿಕನ್ ಮಿಂಟ್, ಕ್ಯೂಬನ್ ಒರಿಗ್ಯಾನೊ. 1790ರಲ್ಲಿ ಸಸ್ಯಶಾಸ್ತ್ರಜ್ಞ ಲೌರೇರೊ ಕೊಟ್ಟ ಶಾಸ್ತ್ರೀಯ ಹೆಸರಿನಲ್ಲಿ ಇಂಡೊನೇಷ್ಯಾದ ಅಂಬಾನ್ ದ್ವೀಪವಿದೆ. ಇಷ್ಟೊಂದು ಊರಿನ ಹೆಸರು ಹೊತ್ತರೂ ಇದು ಒರಿಗ್ಯಾನೊ ಅಲ್ಲ. ಎರಡರ ಎಣ್ಣೆಯಲ್ಲೂ ಕಾರ್ವಕ್ರಾಲ್ ಎಂಬ ಅಂಶವಿದೆ, ಅದಕ್ಕೇ ಘಾಟು ಒಂದೇ ಥರ.

ಪೀಟ್ಸಾ ಜೊತೆ ಬರುವ ಒರಿಗ್ಯಾನೊ ಪೊಟ್ಟಣ ಕಂಡ ಮೇಲೆ ದೊಡ್ಡಪತ್ರೆಯನ್ನೂ ಒಣಗಿಸಿ ಪುಡಿ ಮಾಡೋಣ ಅನ್ನುವವರು ಈಚೆಗೆ ಹೆಚ್ಚು. ಒಣಮೆಣಸಿನಕಾಯಿ, ಒಣಶುಂಠಿ, ಒಣಕೊಬ್ಬರಿ ಎಂದೆಲ್ಲ ಹೇಳುವ ನಮ್ಮ ಬಾಯಲ್ಲಿ ಒಣ ದೊಡ್ಡಪತ್ರೆ ಎಂಬ ಮಾತು ಮಾತ್ರ ಹುಟ್ಟಲಿಲ್ಲ. ಕಾರಣ ಎಲೆಯಲ್ಲೇ ಇದೆ. ದಪ್ಪ, ಮೇಲೆಲ್ಲ ನವಿರು ರೋಮ, ಲಟಕ್ಕೆಂದು ಮುರಿದರೆ ನೀರು ಒಸರುತ್ತದೆ. ಕಟ್ಟು ಕಟ್ಟಿ ತೂಗುಹಾಕಿದರೆ ಒಣಗುವ ಮೊದಲೇ ಕಪ್ಪಾಗುತ್ತದೆ. ಒರಿಗ್ಯಾನೊ ಎಲೆ ತೆಳು; ಹೂ ಬಿಡುವ ಮುಂಚೆ ಕಡ್ಡಿ ಕೊಯ್ದು ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿದರೆ ಗರಿಗರಿಯಾಗಿ ಒಣಗುತ್ತದೆ, ಘಾಟು ಇನ್ನೂ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಸೊರಗುವ ಗಿಡವನ್ನು ಕೂಡಿಡುವುದು ಮೆಡಿಟರೇನಿಯನ್ ಸೀಮೆಯವರಿಗೆ ಅನಿವಾರ್ಯವಾಗಿತ್ತು. ನಮ್ಮಲ್ಲಿ ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ, ಬುಡದಲ್ಲಿ ನೀರು ನಿಲ್ಲದಿದ್ದರೆ ವರ್ಷವಿಡೀ ಹಸಿರು. ಹಾಗಾಗಿ ಇದರ ಜೊತೆ ಓಡಾಡುವ ಕ್ರಿಯಾಪದಗಳೆಲ್ಲ ಹಸಿಯವು. ತುಪ್ಪದಲ್ಲಿ ಜೀರಿಗೆ, ಕರಿಮೆಣಸಿನ ಜೊತೆ ಬಾಡಿಸು, ಕಾಯಿತುರಿಯ ಜೊತೆ ಅರೆ, ಮಜ್ಜಿಗೆಯಲ್ಲಿ ಕಲಸು. ನೆಗಡಿಗಾದರೆ ಎಲೆಯನ್ನು ಬಿಸಿ ಕಾವಲಿಯ ಮೇಲೆ ಬಾಡಿಸಿ ರಸ ಹಿಂಡು. ಉದುರಿಸು ಎಂಬುದು ಒರಿಗ್ಯಾನೊದ ಕ್ರಿಯಾಪದ.

ಒರಿಗ್ಯಾನೊದ ಸ್ವಂತ ಕುಲದವರು ಬೇಕಿದ್ದರೆ ಹೂವಿನಂಗಡಿಗೆ ಹೋಗಬೇಕು. ಕನಕಾಂಬರದ ನಡುವೆ ಹಸಿರಾಗಿ ಸೇರಿಸಿ ಕಟ್ಟುವ ಮರುಗ ಅದೇ ಒರಿಗೇನಮ್ ಕುಲದ್ದು. ಸಂಸ್ಕೃತದ ಮರುವಕ ಕನ್ನಡಕ್ಕೆ ಮರುಗವಾಗಿ, ತೆಲುಗಿಗೆ ಮರುವಮಾಗಿ ಬಂದಿದೆ. ಯುರೋಪಿನಲ್ಲಿ ಮಾರ್ಜೋರಮ್ ಎಂಬ ಹೆಸರಿನಲ್ಲಿ ಸೂಪಿಗೂ ಮಾಂಸಕ್ಕೂ ಬೀಳುವ ಎಲೆಯನ್ನು ನಾವು ಒಲೆಗೆ ತರದೆ ಮುಡಿಗೇರಿಸಿದೆವು. ಪೊಟ್ಟಣದ ಪುಡಿಗೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದರೆ ನಾನು ಒರಿಗ್ಯಾನೊ ಎಂದೇ ಹೇಳುತ್ತೇನೆ. ದೊಡ್ಡಪತ್ರೆಗೂ ಮರುಗಕ್ಕೂ ಅವುಗಳದೇ ಕೆಲಸವಿದೆ, ಆ ಹೆಸರುಗಳನ್ನು ಇದಕ್ಕೆ ಅಂಟಿಸುವುದು ಬೇಡ.