ನುಣ್ಣನೆಯ ಬೆಟ್ಟ, ಬಿಳಿಯ ಲೇಪ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರ ವಿಷಯದಲ್ಲಿ ಬಳಸುತ್ತೇವೆ. ಲೋಹಗಳ ವಿಷಯದಲ್ಲಿಯೂ ಅದು ಅಕ್ಷರಶಃ ನಿಜ. ಕನ್ನಡಿಯಂತೆ ಹೊಳೆಯುವ ಎರಡು ಲೋಹದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಪೂರ್ತಿಯಾಗಿ ಕೂಡಿಕೊಂಡವೆಂದೇ ತೋರುತ್ತದೆ. ಆದರೆ ಅವು ನಿಜವಾಗಿ ಮುಟ್ಟುವುದು ಕೆಲವೇ ಬಿಂದುಗಳಲ್ಲಿ ಎಂಬುದನ್ನು ಕೇಂಬ್ರಿಜ್‌ನ ಫಿಲಿಪ್ ಬೌಡನ್ ಮತ್ತು ಡೇವಿಡ್ ಟೇಬರ್ ಎಂಬ ವಿಜ್ಞಾನಿಗಳು 1939ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು. 1950ರಲ್ಲಿ ಬಿ.ಬಿ.ಸಿ. ಬಾನುಲಿಯಲ್ಲಿ ಮಾತನಾಡುತ್ತ ಬೌಡನ್ ಇದಕ್ಕೊಂದು ಸೊಗಸಾದ ಹೋಲಿಕೆಯನ್ನು ಕೊಟ್ಟರು: ಸ್ವಿಟ್ಸರ್ಲೆಂಡನ್ನು ತಲೆಕೆಳಗು ಮಾಡಿ ಆಸ್ಟ್ರಿಯದ ಮೇಲೆ ನಿಲ್ಲಿಸಿದಂತೆ! ಶಿಖರಕ್ಕೆ ಶಿಖರ ತಾಗುತ್ತದೆ. ಕಣಿವೆಗಳು ಬರಿದಾಗಿಯೇ ಉಳಿಯುತ್ತವೆ.

ಆ ಕಣಿವೆಗಳಲ್ಲಿ ತುಂಬಿಕೊಂಡಿರುವುದು ಗಾಳಿ. ಶಾಖವನ್ನು ಸಾಗಿಸುವುದರಲ್ಲಿ ಗಾಳಿಯಷ್ಟು ಸೋಮಾರಿ ವಸ್ತುಗಳು ವಿರಳ. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಹಾಗಾಗಿ ಕೂದಲೆಳೆಗಿಂತ ತೆಳುವಾದ ಗಾಳಿಯ ಪದರವೂ ಶಾಖದ ದಾರಿಗೆ ಅಡ್ಡಗೋಡೆಯಾಗಬಲ್ಲದು.

ಗಣಕಯಂತ್ರದ ಚರಿತ್ರೆಯಲ್ಲಿ ಈ ಅಡ್ಡಗೋಡೆಗೆ ಮಹತ್ವ ಬಂದದ್ದು ತಡವಾಗಿ. 1946ರಲ್ಲಿ ಅಮೆರಿಕದಲ್ಲಿ ಅನಾವರಣಗೊಂಡ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಬೇಕಾಗಿದ್ದ ವಿದ್ಯುತ್ತು ಸುಮಾರು 150 ಕಿಲೋವಾಟ್. ಶಾಖ ಅಪಾರವಾಗಿತ್ತು, ನಿಜ. ಆದರೆ ಅದು ಒಂದು ದೊಡ್ಡ ಕೋಣೆಯ ತುಂಬ ಹರಡಿಕೊಂಡಿತ್ತು. ಗಾಳಿಯನ್ನು ಬಲವಾಗಿ ಬೀಸಿದರೆ ಕೆಲಸ ಸಾಗುತ್ತಿತ್ತು. ಮುಂದೆ ಟ್ರಾನ್ಸಿಸ್ಟರ್ ಬಂತು, ಸಾವಿರ ಲಕ್ಷ ಟ್ರಾನ್ಸಿಸ್ಟರುಗಳನ್ನು ಒಡಲಲ್ಲಿಟ್ಟುಕೊಂಡ ಸಿಲಿಕಾನ್ ಬಿಲ್ಲೆ ಬಂತು. 1993ರ ಪೆಂಟಿಯಂ ಪ್ರೊಸೆಸರ್ ಸುಮಾರು 15 ವಾಟ್ ಶಾಖವನ್ನು ಹೊರಸೂಸಿದರೆ, 2004ರ ಹೊತ್ತಿಗೆ ಅದೇ ವಂಶದ ಕೆಲವು ಬಿಲ್ಲೆಗಳು 100 ವಾಟ್ ದಾಟಿದವು. ಒಂದು ಬಲ್ಬಿನ ಶಾಖವೆಲ್ಲ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ ಹೊರಬರಬೇಕು. ಬಿಲ್ಲೆಯ ಮೇಲೆ ಲೋಹದ ರೆಕ್ಕೆಗಳನ್ನೂ ಫ್ಯಾನನ್ನೂ ಕೂರಿಸಿದರೆ ಸಾಲದು. ನಡುವಿನ ಕಣಿವೆಗಳನ್ನು ತುಂಬಲೇಬೇಕು.

ತುಂಬುವ ವಸ್ತು ಎಲ್ಲಿಂದ ಬಂತೆಂದು ಹುಡುಕಿದರೆ ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ನಗರಕ್ಕೆ ಹೋಗಬೇಕಾಗುತ್ತದೆ. ಅಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನಶಾಸ್ತ್ರಜ್ಞರು ಸಿಲಿಕಾನಿನ ಸಂಯುಕ್ತಗಳನ್ನು ಕುರಿತು ಸುಮಾರು ನಾಲ್ಕು ದಶಕಗಳ ಕಾಲ ದುಡಿದರು. 'ಸಿಲಿಕೋನ್' ಎಂಬ ಹೆಸರೂ ಅವರದೇ ಕೊಡುಗೆ. ಅವರು ಅರಸುತ್ತಿದ್ದುದು ಅಚ್ಚುಕಟ್ಟಾದ ಹರಳುಗಳನ್ನು. ಪಾತ್ರೆಯ ತಳದಲ್ಲಿ ಮತ್ತೆ ಮತ್ತೆ ಉಳಿಯುತ್ತಿದ್ದುದು ಅಂಟಂಟಾದ ಗಸಿ. ಅದು ಅವರಿಗೆ ಬೇಸರದ ವಸ್ತುವಾಗಿತ್ತು. 1936ರಲ್ಲಿ ರಾಯಲ್ ಸೊಸೈಟಿಯ ಬೇಕೇರಿಯನ್ ಉಪನ್ಯಾಸದಲ್ಲಿ, ಈ ಶಾಖೆಯಲ್ಲಿ ಸದ್ಯಕ್ಕೆ ಮಹತ್ವದ ಮುನ್ನಡೆಯ ಆಸೆ ಕಾಣುವುದಿಲ್ಲವೆಂಬ ಅರ್ಥದ ಮಾತನ್ನು ಆ ವೃದ್ಧ ವಿದ್ವಾಂಸರು ಆಡಿದರು. ಜೀವಮಾನದ ದುಡಿಮೆಗೆ ದುಡಿದವರೇ ಬರೆದ ಷರಾ ಅದು.

ಏಳು ವರ್ಷವೂ ಕಳೆದಿರಲಿಲ್ಲ. ಯುದ್ಧಕಾಲದಲ್ಲಿ ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನ್ನಿನ ಕಿಡಿ ಹೊತ್ತಿಸುವ ಭಾಗಗಳಿಗೆ ತೇವ ತಾಗದಂತೆ ಸವರಲು, ಚಳಿಗೆ ಗಟ್ಟಿಯಾಗದ, ಬಿಸಿಗೆ ಹರಿದುಹೋಗದ ಜಿಡ್ಡೊಂದು ಬೇಕಾಯಿತು. ಕಿಪ್ಪಿಂಗ್ ಬೇಸರಗೊಂಡಿದ್ದ ಅಂಟಿನ ಜಾತಿಯೇ ಅದಕ್ಕೆ ಒದಗಿತು. ಅದನ್ನು ತಯಾರಿಸಲು 1943ರಲ್ಲಿ ಅಮೆರಿಕದಲ್ಲಿ ಡೌ ಕಾರ್ನಿಂಗ್ ಕಂಪನಿ ಹುಟ್ಟಿತು. ಅದೇ ಸಿಲಿಕೋನ್ ಜಿಡ್ಡಿಗೆ ಸತುವಿನ ಆಕ್ಸೈಡಿನ ಬಿಳಿಯ ಪುಡಿಯನ್ನು ಬೆರೆಸಿದಾಗ, ಮೊದಲು ಟ್ರಾನ್ಸಿಸ್ಟರುಗಳಿಗೂ ಮುಂದೆ ಪ್ರೊಸೆಸರುಗಳಿಗೂ ಹಚ್ಚುವ ಶಾಖವಾಹಕ ಲೇಪ, ಇಂದಿನ ಥರ್ಮಲ್ ಪೇಸ್ಟ್, ಸಿದ್ಧವಾಯಿತು.

ಈ ಲೇಪದ ಗುಣವನ್ನು ಕುರಿತು ಒಂದು ಮಾತು ಹೇಳಬೇಕು. ಅದೇನೂ ಮಹಾ ಶಾಖವಾಹಕವಲ್ಲ. ಸಾಧಾರಣ ಬಿಳಿಯ ಲೇಪ ಗಾಳಿಗಿಂತ ಸುಮಾರು 30 ಪಟ್ಟು ಮೇಲಾದರೂ ತಾಮ್ರಕ್ಕಿಂತ ನೂರಾರು ಪಟ್ಟು ಕೀಳು. ಬೆಳ್ಳಿಯ ಪುಡಿ ಬೆರೆಸಿದ ಲೇಪಗಳೂ ಲೋಹಕ್ಕೆ ಸಮನಲ್ಲ. ಆದ್ದರಿಂದ ಹೆಚ್ಚು ಮೆತ್ತಿದರೆ ಲಾಭವಿಲ್ಲ; ಶಿಖರಗಳು ಪರಸ್ಪರ ತಾಗುವಲ್ಲಿ ತಾಗಲಿ, ಕಣಿವೆಗಳು ಮಾತ್ರ ತುಂಬಲಿ ಎಂಬಷ್ಟೇ ತೆಳುವಾಗಿ ಅದು ಇರಬೇಕು. ಹಲವು ವರ್ಷಗಳಲ್ಲಿ ಅದು ಒಣಗಿ ಬಿರುಕುಬಿಡುವುದೂ ಉಂಟು. ಆಗ ಗಾಳಿ ಮತ್ತೆ ಒಳಸೇರುತ್ತದೆ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಯಂತ್ರ ಮುದಿಯಾಯಿತೆಂದು ಯಜಮಾನ ಭಾವಿಸುತ್ತಾನೆ; ಹಳೆಯ ಲೇಪವನ್ನು ಒರೆಸಿ ಕಡಲೆಕಾಳಿನಷ್ಟು ಹೊಸದನ್ನು ಹಚ್ಚಿದರೆ ಅದಕ್ಕೆ ಪ್ರಾಯ ಮರಳಿದರೂ ಮರಳೀತು.

ಕಿಪ್ಪಿಂಗ್ 1949ರಲ್ಲಿ ತೀರಿಕೊಂಡರು. ತಮ್ಮ ಗಸಿಗೆ ವಿಮಾನದ ಎಂಜಿನ್ನುಗಳಲ್ಲಿ ಸ್ಥಾನ ದೊರೆಯುವವರೆಗೂ ಅವರು ಬದುಕಿದ್ದರು. ಸಿಲಿಕಾನ್ ಬಿಲ್ಲೆ ಹುಟ್ಟುವವರೆಗೆ ಇರಲಿಲ್ಲ. ಬೌಡನ್ ಮತ್ತು ಟೇಬರ್ ಚಿಂತಿಸಿದ್ದುದು ಘರ್ಷಣೆಯನ್ನು ಕುರಿತು. ಗಣಕಯಂತ್ರ ಇವರಾರ ಮನಸ್ಸಿನಲ್ಲಿಯೂ ಇರಲಿಲ್ಲ. ಯಾವುದಾದರೂ ವಿದ್ಯೆಯನ್ನು ಕುರಿತು ಇದರಿಂದ ಏನು ಪ್ರಯೋಜನ ಎಂದು ಕೇಳುವ ಮುನ್ನ, ಆ ವಿದ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಿಗೂ ಒಮ್ಮೆ ಅದಕ್ಕೆ ಸರಿಯುತ್ತರ ಸಿಕ್ಕಿರಲಿಲ್ಲವೆಂಬುದನ್ನು ನಾವು ನೆನೆಯುವುದು ಒಳ್ಳೆಯದು.