ಶೋಕವು ಸೇವೆಯಾದ ಬಗೆ

ನಂಜನಗೂಡಿನ ಕಪಿಲಾತೀರದಲ್ಲಿ ನೆಲೆಸಿರುವ ಶ್ರೀಕಂಠೇಶ್ವರನ ಸನ್ನಿಧಿಗೂ, ತಿರುಮಕೂಡಲು ನರಸೀಪುರದ ಕಾವೇರೀ-ಕಪಿಲಾ ಸಂಗಮಕ್ಕೂ ದೇಹವ್ಯಾಧಿಯಿಂದ ಬಳಲಿದವರು, ಮನೋವ್ಯಥೆಯಿಂದ ಬೆಂದವರು ಶತಮಾನಗಳಿಂದ ಬರುತ್ತಿರುವರು. ಪಟ್ಟದಾನೆಯ ಕಣ್ಣು ಗುಣವಾದುದಕ್ಕಾಗಿ ಟಿಪ್ಪು ಸುಲ್ತಾನನು ಪಚ್ಚೆಯ ಲಿಂಗವನ್ನರ್ಪಿಸಿ, ದೇವರನ್ನು ಹಕೀಂ ನಂಜುಂಡನೆಂದು ಕರೆದನೆಂಬ ಐತಿಹ್ಯವೂ ಉಂಟು. ನೊಂದವನಿಗೆ ದೇವರೇ ವೈದ್ಯನೆಂಬ ನಂಬಿಕೆ ಈ ಸೀಮೆಗೆ ಹೊಸದಲ್ಲ. ಕ್ರೈಸ್ತಧರ್ಮವು ಇಲ್ಲಿ ಬೇರೂರಿದುದು ಇಂತಹ ನಂಬಿಕೆಯಿಂದ ಹದಗೊಂಡ ನೆಲದಲ್ಲಿ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಯುದ್ಧದಿಂದಲೂ ಸೆರೆವಾಸದಿಂದಲೂ ಚದುರಿ, ಬಂಧುಗಳನ್ನು ಕಳೆದುಕೊಂಡು ದಿಕ್ಕುಗೆಟ್ಟಿದ್ದ ಕ್ರೈಸ್ತರನ್ನು ಮರಳಿ ಒಗ್ಗೂಡಿಸುವ ಹೊಣೆಯನ್ನು ಹೊತ್ತವರು ಫ್ರೆಂಚ್ ಪಾದ್ರಿ ಆಬೆ ದುಬಾಯ್ ಅವರು. ದೇಶೀಯ ವೇಷವನ್ನು ಧರಿಸಿ, ಜನರ ನಡುವೆಯೇ ಬಾಳಿದ ಅವರನ್ನು ಭಕ್ತರು ದೊಡ್ಡಸ್ವಾಮಿಯವರೆಂದು ಕರೆದರು. ನರಸೀಪುರ ತಾಲ್ಲೂಕಿನ ಮೂಗೂರಿನ ದೇವಿಯ ಉತ್ಸವವನ್ನು ಕುರಿತು ತಮ್ಮ ಗ್ರಂಥದಲ್ಲಿ ಅವರು ಬರೆದ ಕಠಿಣೋಕ್ತಿಗಳನ್ನು ನಾವು ಒಪ್ಪಬೇಕಾದುದಿಲ್ಲ. ಆದರೆ ಸಿಡುಬು ಮನೆಮನೆಯ ಮಕ್ಕಳನ್ನು ಕೊಂಡೊಯ್ಯುತ್ತಿದ್ದ 1803-04ರ ಸುಮಾರಿನಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದ ಅವರ ಪರಿಶ್ರಮವನ್ನು ಮರೆಯುವುದು ಕೃತಘ್ನತೆಯಾದೀತು. ಪುತ್ರಶೋಕವು ಬಂದ ಮೇಲೆ ಸಂತೈಸುವುದಕ್ಕಿಂತ ಅದು ಬಾರದಂತೆ ತಡೆಯುವುದು ಹಿರಿಯ ಕಾರುಣ್ಯವಲ್ಲವೆ?

ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದ ಪಾದ್ರಿಗಳ ದೀರ್ಘಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲು ಕನ್ನಡಕ್ಕೆ ಬಂದಾಗ, ಕೀರ್ತನೆಗಳ ಗ್ರಂಥದಲ್ಲಿ ಮಡುಗಟ್ಟಿದ್ದ ಆರ್ತನಾದವು ಕನ್ನಡಿಗರ ಮನೆಮಾತಿನಲ್ಲೇ ಕೇಳಿಸಿತು. ಆ ಕೀರ್ತನೆಗಳಲ್ಲಿ ಮೊರೆಯಿಡುವ ಭಕ್ತನು ತನ್ನ ದುಃಖವನ್ನು ದೇವರೆದುರು ಮುಚ್ಚಿಡುವುದಿಲ್ಲ. ಏಕೆ ನನ್ನನ್ನು ತೊರೆದೆಯೆಂದು ಕೇಳಲೂ ಅಂಜುವುದಿಲ್ಲ. ಯೇಸುಸ್ವಾಮಿಯೇ ತಮ್ಮ ಗೆಳೆಯ ಲಾಜರನ ಸಮಾಧಿಯ ಬಳಿ ಕಣ್ಣೀರಿಟ್ಟರು. ಶಿಲುಬೆಯ ಕೆಳಗೆ ನಿಂತ ಮರಿಯಮ್ಮನವರನ್ನು ವ್ಯಾಕುಲಮಾತೆಯೆಂದು ಭಕ್ತರು ಪೂಜಿಸುವರು. ಆದುದರಿಂದ ಈ ಧರ್ಮದಲ್ಲಿ ಅಳುವುದು ಅವಿಶ್ವಾಸದ ಲಕ್ಷಣವಲ್ಲ. ಒಡೆದ ಹೃದಯಕ್ಕೆ ದೇವರು ಸಮೀಪನೆಂಬುದೇ ಅದರ ಮೊದಲ ಸಾಂತ್ವನ.

ಎರಡನೆಯದು ಕಾರ್ಯರೂಪದ ಸಾಂತ್ವನ. ವೆಸ್ಲಿಯನ್ ಮಿಷನ್ನಿನ ಪಾದ್ರಿ ವಿಲಿಯಂ ಹೋಲ್ಡ್ಸ್‌ವರ್ತ್ ಅವರ ಪತ್ನಿ ಮೇರಿ ಕಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಸಾಧ್ವಿಯ ಸ್ಮರಣಾರ್ಥವಾಗಿ 1906ರಲ್ಲಿ ಮೈಸೂರಿನಲ್ಲಿ ಆಸ್ಪತ್ರೆಯೊಂದು ತಲೆಯೆತ್ತಿತು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1891ರಲ್ಲೇ ಮೈಸೂರಿನಿಂದ ನಂಜನಗೂಡಿಗೆ ರೈಲುಮಾರ್ಗವು ಬಂದಿದ್ದುದರಿಂದ ಕಪಿಲೆಯ ದಡದವರಿಗೆ ಅದು ದೂರವಾಗಿರಲಿಲ್ಲ. ರೈಲಿಲ್ಲದ ನರಸೀಪುರದ ಸೀಮೆಯವರಿಗೆ ರಸ್ತೆಯೊಂದೇ ಗತಿಯಾಗಿತ್ತು. ಅಗಲಿದವಳೊಬ್ಬಳ ಹೆಸರು ಎಷ್ಟೋ ಮನೆಗಳ ಬಾಣಂತಿಯರಿಗೂ ಕೂಸುಗಳಿಗೂ ಆಸರೆಯಾಯಿತು. ಶೋಕವನ್ನು ಎದೆಯೊಳಗೆ ಹೂತಿಡದೆ ಪರರ ನೋವಿನ ಕಡೆಗೆ ತಿರುಗಿಸುವುದು ಕ್ರೈಸ್ತಶ್ರದ್ಧೆಯ ಪರಮ ಚಿಕಿತ್ಸೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನಮ್ಮ ಸೀಮೆಯಲ್ಲಿ ದೊರೆಯದು.

ನಂಜುಂಡು ಲೋಕವನ್ನು ಕಾಯ್ದ ದೇವರನ್ನು ನಂಬಿದ ಜನಕ್ಕೆ, ಪರರಿಗಾಗಿ ಶಿಲುಬೆಯನ್ನು ಹೊತ್ತ ದೇವರ ಕಥೆ ತೀರ ಅಪರಿಚಿತವೆನಿಸಿರಲಾರದು. ಎರಡು ನಂಬಿಕೆಗಳೂ ಭಕ್ತರಿಂದ ಬಯಸುವುದು ಅನುಕಂಪವನ್ನೇ. ಆದುದರಿಂದ ವಾಚಕಮಹಾಶಯರಲ್ಲಿ ಒಂದು ವಿನಂತಿ: ನಿಮ್ಮ ಮನಸ್ಸು ಮುರಿದಾಗ ಅಳಲು ನಾಚದಿರಿ; ಅತ್ತ ಮೇಲೆ, ನಿಮ್ಮಂತೆಯೇ ನೊಂದ ಇನ್ನೊಬ್ಬರ ಮನೆಯ ಬಾಗಿಲನ್ನು ತಟ್ಟಿರಿ.