ಅಟ್ಟವಿಲ್ಲದ ಮನೆಗೆ ಬಂದ ಬೆಕ್ಕು

ಕಳೆದ ಮಳೆಗಾಲದ ಒಂದು ಸಂಜೆ ಪುಣೆಯ ನಮ್ಮ ಮೂರನೇ ಮಹಡಿಯ ಮನೆಗೆ ಒಂದು ಬೆಕ್ಕು ಬಂತು. ಬಂತು ಅನ್ನುವುದು ತಪ್ಪು, ನಾವು ತಂದೆವು. ಕಟ್ಟಡ ಕಟ್ಟುತ್ತಿದ್ದ ಜಾಗದಲ್ಲಿ ಕಾಲಿಗೆ ಪೆಟ್ಟಾಗಿ ಬಿದ್ದಿದ್ದ, ಸುಮಾರು ಎರಡು ವರ್ಷದ ಹೆಣ್ಣು ಬೆಕ್ಕು. ನಮ್ಮ ಬಡಾವಣೆಯ ನಾಲ್ಕಾರು ಹುಡುಗರು ಅದಕ್ಕೆ ಚಿಕಿತ್ಸೆ ಕೊಡಿಸಿ ಸಾಕುವವರನ್ನು ಹುಡುಕುತ್ತಿದ್ದರು. ನಾವು ಒಪ್ಪಿಕೊಂಡೆವು. ಬುಟ್ಟಿಯ ಬಾಗಿಲು ತೆರೆದದ್ದೇ ತಡ, ಅದು ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ನುಗ್ಗಿತು. ಎರಡನೇ ದಿನವೂ ತಟ್ಟೆ ಮುಟ್ಟಲಿಲ್ಲ. ಪ್ರೀತಿ ತೋರಿಸಿದರೆ ಸರಿಹೋದೀತು ಎಂದುಕೊಂಡು ನಾನು ಕೈಹಾಕಿ ಎಳೆದು ತೊಡೆಯ ಮೇಲೆ ಕೂರಿಸಿಕೊಂಡೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಗೆರೆ ಬಿತ್ತು. ಸೋಪು ಹಚ್ಚಿ 15 ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿದು, ಅಂದೇ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಂಡು ಬಂದೆ. ಆ ರಾತ್ರಿ ಮನೆಯಲ್ಲಿ ಮೊದಲ ಸಲ ‘ವಾಪಸು ಕೊಟ್ಟುಬಿಡೋಣವೇ’ ಎಂಬ ಮಾತು ಬಂತು.

ಊರಿಗೆ ಫೋನ್ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಗಾಯದ ಬಗ್ಗೆ ಎರಡು ಮಾತು ಬೈದು, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮನೇಲಿ ಅಟ್ಟ ಎಲ್ಲಿದೆ? ಅದು ಪಾಪ ಎಲ್ಲಿಗೆ ಹತ್ತಬೇಕು?”

ಆಗ ನಕ್ಕುಬಿಟ್ಟೆ. ಆದರೆ ಬೆಕ್ಕು ಒಳಗೆ ಅವಿತಿದ್ದ ಮುಂದಿನ ದಿನಗಳಲ್ಲಿ ಅದರ ಭಯದ ಬಗ್ಗೆ ಯಾರು ಏನನ್ನು ಕಂಡುಕೊಂಡಿದ್ದಾರೆ ಎಂದು ಓದುತ್ತಾ ಹೋದಂತೆ, ನೂರು ವರ್ಷಗಳ ವಿಜ್ಞಾನ ಸುತ್ತಿ ಬಳಸಿ ಬಂದು ನಿಂತದ್ದು ಹೆಚ್ಚುಕಡಿಮೆ ಅಮ್ಮನ ಪ್ರಶ್ನೆಯ ಹತ್ತಿರವೇ ಎಂದು ತಿಳಿಯಿತು. ಈ ಬರಹ ಆ ದಾರಿಯ ಕಥೆ.

ಬೆಕ್ಕೇ ಮನೆ ಆರಿಸುತ್ತಿದ್ದ ಕಾಲ

ನಮ್ಮ ಊರಿನ ಹಂಚಿನ ಮನೆಗೆ ಯಾರೂ ಬೆಕ್ಕನ್ನು ‘ತಂದ’ ನೆನಪಿಲ್ಲ. ಭತ್ತದ ಕಣಜ ಇರುತ್ತಿತ್ತು, ಕಣಜಕ್ಕೆ ಇಲಿ ಬರುತ್ತಿತ್ತು, ಇಲಿಗೆ ಬೆಕ್ಕು ಬರುತ್ತಿತ್ತು. ಹಗಲು ಅಟ್ಟದ ಮೇಲೆ, ರಾತ್ರಿ ಹಿತ್ತಲಲ್ಲಿ. ತಾಯಿಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಲೆಕ್ಕ ಏಳೇ ಇರಬೇಕೆಂದಿಲ್ಲ, ಆದರೆ ಮರಿ ಹಾಕಿದ ಜಾಗದಲ್ಲಿ ಗಲಾಟೆಯಾದರೆ ತಾಯಿ ಜಾಗ ಬದಲಿಸುವುದು ನಿಜ. ಯಾವ ಮನೆ ಸುರಕ್ಷಿತ ಎಂಬ ತೀರ್ಮಾನ ಬೆಕ್ಕಿನದಾಗಿತ್ತು. ನಮಗೆ ಬೇಡವಾದಾಗ ಅದನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟುಬಂದರೂ ನಾಲ್ಕು ದಿನದಲ್ಲಿ ಮತ್ತೆ ಒಲೆಯ ಹತ್ತಿರ ಕೂತಿರುತ್ತಿತ್ತು. ಅದರ ನಂಟು ನಮ್ಮ ಜೊತೆಗಿಂತ ಜಾಗದ ಜೊತೆ ಹೆಚ್ಚು.

ಇದಕ್ಕೆ ಕಾರಣ ಬಹಳ ಹಿಂದಿನದು. ಇಂದಿನ ಸಾಕುಬೆಕ್ಕುಗಳೆಲ್ಲ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನ ಸಂತತಿ. ಆ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ, ತನ್ನದೇ ಎಲ್ಲೆ ಗುರುತು ಹಾಕಿಕೊಂಡು ಬದುಕುವ ಪ್ರಾಣಿ. ನಾಯಿಗೆ ಗುಂಪು ಎಂಥದೋ ಬೆಕ್ಕಿಗೆ ಎಲ್ಲೆ ಅಂಥದು. ಸೈಪ್ರಸ್ ದ್ವೀಪದ ಶಿಲ್ಲೂರೋಕಾಂಬೋಸ್ ಎಂಬಲ್ಲಿ ಸುಮಾರು 9,500 ವರ್ಷ ಹಳೆಯ ಮನುಷ್ಯನ ಸಮಾಧಿಯ ಪಕ್ಕದಲ್ಲಿ, ಮೊಳದಷ್ಟೂ ದೂರವಿಲ್ಲದಂತೆ, ಒಂದು ಬೆಕ್ಕನ್ನೂ ಹೂತಿದ್ದರೆಂದು ಫ್ರೆಂಚ್ ಪುರಾತತ್ವಜ್ಞರು 2004ರಲ್ಲಿ ಪ್ರಕಟಿಸಿದರು. ಅದು ಪೂರ್ತಿ ಸಾಕಿದ್ದೋ ಬರೀ ಪಳಗಿಸಿದ್ದೋ ಎಂಬ ಚರ್ಚೆ ಇದೆ. ಆದರೆ ಸೈಪ್ರಸ್ಸಿನಲ್ಲಿ ಮೂಲತಃ ಬೆಕ್ಕುಗಳಿರಲಿಲ್ಲ. ಅಂದರೆ ಯಾರೋ ಅದರ ಪೂರ್ವಜರನ್ನು ದೋಣಿಯಲ್ಲಿ ಸಮುದ್ರ ದಾಟಿಸಿದ್ದರು. ಬೆಕ್ಕು ತಾನಾಗಿ ಆರಿಸಿಕೊಳ್ಳದ ಹೊಸ ನೆಲಕ್ಕೆ ಹೋಗಿಳಿದದ್ದಕ್ಕೆ ನಮಗೆ ಸಿಕ್ಕಿರುವ ಬಹಳ ಹಳೆಯ ಸಾಕ್ಷಿ ಇದು.

ಬೆಕ್ಕನ್ನು ಎತ್ತಿ ತಂದು ನಮಗೆ ಬೇಕಾದ ಮನೆಯಲ್ಲಿ ಇಡುವುದು ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು ಈಚೆಗೆ. ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬಾಕೆ 1860ರಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಆಶ್ರಯ ತೆರೆದರು. ಅದು 1871ರಲ್ಲಿ ಬ್ಯಾಟರ್‌ಸೀಗೆ ಸ್ಥಳಾಂತರವಾಯಿತು, ಬೆಕ್ಕುಗಳಿಗೆ ಬಾಗಿಲು ತೆರೆದದ್ದು 1883ರಲ್ಲಿ. ಅದೇ ದಶಕದಲ್ಲಿ ನಮ್ಮ ಮುಂಬಯಿಯ ಪರೇಲಿನಲ್ಲಿ ದಿನ್ಶಾ ಪೆಟಿಟ್ ಅವರ ದಾನದಿಂದ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ನಿಂತಿತು. ಆಮೇಲೆ 1947ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿ ಎಡ್ವರ್ಡ್ ಲೋ ಎಂಬ ವ್ಯಾಪಾರಿ, ಬೂದಿಯ ಬದಲು ಬಳಸಿ ನೋಡಿ ಎಂದು ನೆರೆಯಾಕೆಗೆ ಒಣ ಜೇಡಿಮಣ್ಣಿನ ಕಾಳು ಕೊಟ್ಟ. ಬೆಕ್ಕಿನ ಕಕ್ಕಸು ಮನೆಯೊಳಗೆ ಬಂತು, ಹಿತ್ತಲು ಬೇಡವಾಯಿತು. ಆ ಹೊತ್ತಿಗೆ ನಮ್ಮ ನಗರಗಳಲ್ಲೂ ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ಏಳತೊಡಗಿದ್ದವು. ಕಣಜ ಹೋಯಿತು, ಹಿತ್ತಲು ಹೋಯಿತು, ಅಟ್ಟವೂ ಹೋಯಿತು. ಬೆಕ್ಕು ಮಾತ್ರ ಉಳಿಯಿತು.

ನಿಂತುಹೋದ ಹೊಟ್ಟೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಕೃಷ್ಣದೇವರಾಯ ಹಾಲಿಗೆಂದು ಹಸುವನ್ನೂ ಕೊಟ್ಟು ಬೆಕ್ಕು ಸಾಕಲು ಹೇಳಿದ. ರಾಮಕೃಷ್ಣ ಮೊದಲ ದಿನ ಕುದಿಯುವ ಹಾಲಿಟ್ಟ, ಆಮೇಲೆ ಆ ಬೆಕ್ಕು ಹಾಲು ಕಂಡರೆ ಓಡುತ್ತಿತ್ತು. ನಾವು ನಗುವುದು ರಾಮಕೃಷ್ಣನ ಜಾಣತನಕ್ಕೆ. ಬೆಕ್ಕಿನ ಕಡೆಯಿಂದ ನೋಡಿದರೆ ಅದು ಬೇರೆಯೇ ಕಥೆ. ಒಂದೇ ಒಂದು ಕೆಟ್ಟ ಅನುಭವ ಸಾಕು, ಹಸಿವನ್ನೂ ಭಯ ಗೆಲ್ಲುತ್ತದೆ.

ಇದು ಕಟ್ಟುಕಥೆಯಷ್ಟೇ ಅಲ್ಲ ಎಂದು ಕಣ್ಣಾರೆ ಕಂಡವನು ಹಾರ್ವರ್ಡಿನ ವಿದ್ಯಾರ್ಥಿ ವಾಲ್ಟರ್ ಕ್ಯಾನನ್. ಎಕ್ಸ್-ರೇ ಪತ್ತೆಯಾದದ್ದು 1895ರ ಕೊನೆಯಲ್ಲಿ. ಮರುವರ್ಷವೇ ಕ್ಯಾನನ್ ಆಹಾರಕ್ಕೆ ಬಿಸ್ಮತ್ ಲವಣ ಬೆರೆಸಿ ಪ್ರಾಣಿಗಳಿಗೆ ತಿನ್ನಿಸಿ, ಜೀರ್ಣಕ್ರಿಯೆಯನ್ನು ಎಕ್ಸ್-ರೇ ಪರದೆಯ ಮೇಲೆ ನೋಡತೊಡಗಿದ. ಅವನ ಮುಖ್ಯ ಪ್ರಾಣಿ ಬೆಕ್ಕು. ಜಠರದ ಅಲೆಗಳನ್ನು ಲೆಕ್ಕ ಹಾಕುತ್ತಿದ್ದಾಗ ಅವನಿಗೊಂದು ತೊಡಕು ಎದುರಾಯಿತು: ಬೆಕ್ಕು ಗಾಬರಿಯಾದರೆ ಅಲೆಗಳು ನಿಂತೇ ಹೋಗುತ್ತಿದ್ದವು, ಶಾಂತವಾದರೆ ಮತ್ತೆ ಶುರುವಾಗುತ್ತಿದ್ದವು. ಬೇರೆಯವರಾದರೆ ಪ್ರಯೋಗ ಕೆಟ್ಟಿತು ಎನ್ನುತ್ತಿದ್ದರೇನೋ. ಕ್ಯಾನನ್ ಆ ತೊಡಕಿನ ಬೆನ್ನನ್ನೇ ಹತ್ತಿದ. 1911ರಲ್ಲಿ ಅವನೂ ಡೇನಿಯಲ್ ಡಿ ಲಾ ಪಾಜ್ ಎಂಬ ಸಹೋದ್ಯೋಗಿಯೂ, ಬೊಗಳುವ ನಾಯಿಯ ಎದುರು ಕೂರಿಸಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಏರುವುದನ್ನು ತೋರಿಸಿದರು. 1915ರ ಪುಸ್ತಕದಲ್ಲಿ ಕ್ಯಾನನ್ ಇದೆಲ್ಲವನ್ನೂ ಒಟ್ಟುಗೂಡಿಸಿದ. ‘ಹೋರಾಡು ಇಲ್ಲವೇ ಓಡು’ ಎಂದು ನಾವಿಂದು ನಮ್ಮ ಆಫೀಸಿನ ಒತ್ತಡಕ್ಕೂ ಬಳಸುವ ಮಾತಿನ ಬೇರು ಇಲ್ಲಿದೆ.

ಇದನ್ನು ಓದುವಾಗ ಸಂಕಟವೂ ಆಯಿತು. ಮನುಷ್ಯನ ಭಯದ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಒಂದು ದೊಡ್ಡ ಪಾಲು, ಬೇಕೆಂದೇ ಹೆದರಿಸಿದ ಬೆಕ್ಕುಗಳು ಕೊಟ್ಟದ್ದು. ಆ ಸಾಲವನ್ನು ಹೇಗೆ ತೀರಿಸುವುದೋ ಗೊತ್ತಿಲ್ಲ. ಆ ತಿಳಿವಳಿಕೆಯನ್ನು ಕನಿಷ್ಠ ಬೆಕ್ಕುಗಳ ಮಟ್ಟಿಗಾದರೂ ಬಳಸಬೇಕು. ಮೆಷಿನ್ನಿನ ಹಿಂದೆ ಕೂತ ಬೆಕ್ಕು ತಟ್ಟೆ ಮುಟ್ಟದಿರುವುದು ಹಟವಲ್ಲ, ಮುನಿಸಲ್ಲ. ಅದರ ಹೊಟ್ಟೆಯೇ ನಿಂತಿರುತ್ತದೆ. ಹಾಗೆಂದು ಸುಮ್ಮನೆ ಬಿಡುವಂತೆಯೂ ಇಲ್ಲ. ಬೆಕ್ಕು, ಅದರಲ್ಲೂ ಮೈತುಂಬಿದ ಬೆಕ್ಕು, ಕೆಲವು ದಿನ ಉಪವಾಸ ಬಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಎರಡು ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಲೇಬೇಕು. ನಾನು ಮಾಡಬೇಕಾಗಿದ್ದದ್ದು ಅದು, ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುವುದಲ್ಲ.

ಐದು ವಾರದ ಬಾಗಿಲು

ಹೆದರಿದ ಬೆಕ್ಕಿನ ದೇಹ ಏನು ಮಾಡುತ್ತದೆ ಎಂದು ಕ್ಯಾನನ್ ಹೇಳಿದ. ಅದರ ಮುಖ ಏನು ಹೇಳುತ್ತದೆ ಎಂದು ಬಿಡಿಸಿ ತೋರಿಸಿದವರು ಜರ್ಮನಿಯ ಪಾಲ್ ಲೈಹೌಸೆನ್. 1956ರಲ್ಲಿ ಬಂದ ತಮ್ಮ ಅಧ್ಯಯನದಲ್ಲಿ ಅವರು ಬೆಕ್ಕಿನ ನಿಲುವುಗಳ ಕೋಷ್ಟಕ ಕೊಟ್ಟರು. ಒಂದು ಕಡೆ ಆಕ್ರಮಣ ಏರುತ್ತದೆ, ಇನ್ನೊಂದು ಕಡೆ ಭಯ ಏರುತ್ತದೆ, ಎರಡೂ ಬೆರೆತಾಗ ಬೆನ್ನು ಬಿಲ್ಲಾಗುತ್ತದೆ. ಕಿವಿ ತಲೆಗಂಟಿಸಿ, ಮೈ ಕುಗ್ಗಿಸಿ, ಹಿಸ್ಸೆನ್ನುವ ಬೆಕ್ಕು ಬೆದರಿಸುತ್ತಿಲ್ಲ, ಬೆದರಿದೆ. ನನ್ನ ಕೈಮೇಲೆ ಗೆರೆ ಬೀಳುವ ಮೊದಲು ಅದು ಇಷ್ಟನ್ನೂ ಹೇಳಿತ್ತು. ನನಗೆ ಓದಲು ಬರಲಿಲ್ಲ, ಅಷ್ಟೆ.

ಒಂದು ಬೆಕ್ಕು ಮನುಷ್ಯನಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಜೀವಮಾನವಿಡೀ ದೂರವಿರುತ್ತದೆ, ಯಾಕೆ? 1980ರ ದಶಕದಲ್ಲಿ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ ಇದಕ್ಕೆ ಉತ್ತರ ಹುಡುಕಿದರು. ಮರಿಗೆ ಸುಮಾರು ಎರಡು ವಾರದಿಂದ ಏಳು ವಾರ ತುಂಬುವವರೆಗೆ ಒಂದು ಬಾಗಿಲು ತೆರೆದಿರುತ್ತದೆ. ಆಗ ಮನುಷ್ಯರ ಕೈ ಸೋಕಿದ ಮರಿ ಮುಂದೆ ಮನುಷ್ಯರನ್ನು ತನ್ನವರೆಂದುಕೊಳ್ಳುತ್ತದೆ. ದಿನಕ್ಕೆ 15 ನಿಮಿಷ ಎತ್ತಿಕೊಂಡ ಮರಿಗಳಿಗಿಂತ 40 ನಿಮಿಷ ಎತ್ತಿಕೊಂಡ ಮರಿಗಳು ಹೆಚ್ಚು ಸಲಿಗೆಯವಾದವು. ಬ್ರಿಟನ್ನಿನ ಸಾಂಡ್ರಾ ಮೆಕ್ಯೂನ್ 1995ರಲ್ಲಿ ಇನ್ನೊಂದು ಸಂಗತಿ ಸೇರಿಸಿದರು: ಸ್ನೇಹಮಯಿ ಗಂಡು ಬೆಕ್ಕಿನ ಮರಿಗಳು, ಅಪ್ಪನ ಮುಖವನ್ನೇ ನೋಡದಿದ್ದರೂ, ಹೆಚ್ಚು ಧೈರ್ಯವಂತವಾಗಿದ್ದವು.

ಈ ಎರಡು ಅಧ್ಯಯನಗಳು ನನ್ನ ಮೇಲಿನ ಒಂದು ಭಾರವನ್ನು ಇಳಿಸಿದವು. ನಮ್ಮ ಬೆಕ್ಕಿನ ಆ ಐದು ವಾರ ಎಲ್ಲೋ ಸಿಮೆಂಟ್ ಚೀಲಗಳ ನಡುವೆ ಕಳೆದುಹೋಗಿರಬಹುದು. ಅದರ ಅಪ್ಪ ಯಾರೋ. ಅದು ನನ್ನ ತೊಡೆಗೆ ಬಾರದಿದ್ದರೆ ಅದು ನನ್ನ ಪ್ರೀತಿಯ ಸೋಲಲ್ಲ, ಅದರ ಕೃತಘ್ನತೆಯೂ ಅಲ್ಲ. ರಕ್ಷಿಸಿ ತಂದ ಬೆಕ್ಕುಗಳನ್ನು ಎಷ್ಟೋ ಮನೆಗಳು ವಾಪಸು ಕೊಡುವುದು ಈ ಎರಡು ತಪ್ಪು ತಿಳಿವಳಿಕೆಗಳಲ್ಲಿ ಒಂದರಿಂದ. ಬೆಕ್ಕಿಗೆ ಮಾತ್ರ ಅದು ಇನ್ನೊಂದು ಹೊಸ ನೆಲ, ಮತ್ತೆ ಮೊದಲ ದಿನ.

ಒಂದು ರಟ್ಟಿನ ಪೆಟ್ಟಿಗೆ

ಹಾಗಾದರೆ ಎಷ್ಟು ದಿನ ಕಾಯಬೇಕು? ಸ್ವಿಟ್ಜರ್ಲೆಂಡಿನ ಮೋನಿಕಾ ಕೆಸ್ಲರ್ ಮತ್ತು ಡೆನಿಸ್ ಟರ್ನರ್ ಬೆಕ್ಕಿನ ಒತ್ತಡವನ್ನು ಅದರ ಮೈಕಟ್ಟು, ಕಣ್ಣು, ಕಿವಿ, ಬಾಲ ನೋಡಿ ಅಳೆಯುವ ಏಳು ಮೆಟ್ಟಿಲಿನ ಅಳತೆಗೋಲು ರೂಪಿಸಿ 1997ರಲ್ಲಿ ಪ್ರಕಟಿಸಿದರು. ಯಜಮಾನರು ಊರಿಗೆ ಹೋದಾಗ ಬಿಟ್ಟುಹೋಗುವ ಬೋರ್ಡಿಂಗ್‌ನಲ್ಲಿದ್ದ 140 ಬೆಕ್ಕುಗಳನ್ನು ಎರಡು ವಾರ ನೋಡಿದಾಗ, ಒತ್ತಡ ಮೊದಲ ಕೆಲವು ದಿನಗಳಲ್ಲಿ ಬೇಗ ಇಳಿದು, ಆಮೇಲೆ ನಿಧಾನವಾಗಿ ಇಳಿಯುತ್ತಾ ಹೋಯಿತು. ಮೂರರಲ್ಲಿ ಎರಡು ಪಾಲು ಬೆಕ್ಕುಗಳು ಆ ಹೊತ್ತಿಗೆ ಚೆನ್ನಾಗಿ ಒಗ್ಗಿಕೊಂಡಿದ್ದವು. ಒಂದು ಸಣ್ಣ ಪಾಲು ಒಗ್ಗಿಕೊಳ್ಳಲೇ ಇಲ್ಲ. ಅವೆಲ್ಲ ಮನೆ ಇದ್ದ ಬೆಕ್ಕುಗಳು. ಮನೆಯನ್ನೇ ಕಾಣದ ಬೆಕ್ಕಿಗೆ ವಾರಗಳು, ತಿಂಗಳುಗಳು ಹಿಡಿದರೆ ಅಚ್ಚರಿಯಿಲ್ಲ.

ಮುಂದಿನ ಹೆಜ್ಜೆ ನೆದರ್‌ಲೆಂಡ್ಸಿನದು. 2014ರಲ್ಲಿ ಕ್ಲೌಡಿಯಾ ವಿಂಕೆ ಮತ್ತು ಸಂಗಡಿಗರು ಆಶ್ರಯಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅವಿತುಕೊಳ್ಳಲು ಒಂದೊಂದು ಪೆಟ್ಟಿಗೆ ಕೊಟ್ಟರು. ಉಳಿದದ್ದೆಲ್ಲ ಒಂದೇ. ಅಳೆದದ್ದು ಅದೇ ಸ್ವಿಸ್ ಅಳತೆಗೋಲಿನಲ್ಲಿ. ಮೂರು ನಾಲ್ಕನೇ ದಿನಕ್ಕೇ ಪೆಟ್ಟಿಗೆ ಇದ್ದ ಬೆಕ್ಕುಗಳು ಇಲ್ಲದವಕ್ಕಿಂತ ಸ್ಪಷ್ಟವಾಗಿ ನಿರಾಳವಾಗಿದ್ದವು. ಎರಡು ವಾರ ಕಳೆಯುವ ಹೊತ್ತಿಗೆ ಉಳಿದವೂ ಹತ್ತಿರ ಬಂದವು. ಅಂದರೆ ಅವಿತುಕೊಳ್ಳುವುದು ರೋಗವಲ್ಲ, ಮದ್ದು. ಅವಿತುಕೊಳ್ಳಲು ಬಿಟ್ಟ ಬೆಕ್ಕೇ ಬೇಗ ಹೊರಬರುತ್ತದೆ.

ಇದನ್ನು ಓದಿದ ರಾತ್ರಿ ಅಮ್ಮನ ಅಟ್ಟ ನೆನಪಾಯಿತು. ಕತ್ತಲು, ಎತ್ತರ, ಒಂದೇ ದಾರಿ, ಯಾರ ಕೈಗೂ ಎಟುಕದ ಮೂಲೆ, ಕೆಳಗೆ ನಡೆಯುವುದೆಲ್ಲ ಕಾಣುವ ಸಂದು.

ಮರುದಿನ ಮಿಕ್ಸರ್ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಬೆಕ್ಕು ನುಸುಳುವಷ್ಟು ತೂತು ಮಾಡಿ, ಅದನ್ನು ತಂದ ಬುಟ್ಟಿಯಲ್ಲಿದ್ದ ಹಳೆಯ ಟವೆಲನ್ನೇ ಒಳಗೆ ಹಾಸಿದೆವು. ಟವೆಲನ್ನು ಒಗೆಯಲಿಲ್ಲ, ಅದರಲ್ಲಿ ಅದರದೇ ವಾಸನೆ ಇತ್ತು. ಕುಕ್ಕರಿನ ಸೀಟಿ ಮತ್ತು ಕಾಲಿಂಗ್ ಬೆಲ್ ಎರಡರಿಂದಲೂ ದೂರದ ಸಣ್ಣ ಕೋಣೆಯಲ್ಲಿಟ್ಟೆವು. ಒಂದು ಮೂಲೆಯಲ್ಲಿ ಮಣ್ಣಿನ ತಟ್ಟೆ, ಎದುರು ಮೂಲೆಯಲ್ಲಿ ಊಟ ಮತ್ತು ನೀರು. ಬಾಲ್ಕನಿಗೆ ಬಲೆ. ಬೆಕ್ಕು ತಾನಾಗಿ ಮೆಷಿನ್ ಬಿಟ್ಟು ಆ ಕೋಣೆಗೆ ಹೋದದ್ದು ಆ ರಾತ್ರಿ, ನಾವೆಲ್ಲ ಮಲಗಿದ ಮೇಲೆ. ಬೆಳಿಗ್ಗೆ ಮೀನಿನ ತಟ್ಟೆ ಖಾಲಿ.

ಆಮೇಲೆ ನಾನು ಮಾಡಿದ್ದು ಇಷ್ಟೇ. ದಿನಾ ಸಂಜೆ ಆ ಕೋಣೆಯ ನೆಲದ ಮೇಲೆ ಅರ್ಧ ಗಂಟೆ ಕೂತು, ಪೆಟ್ಟಿಗೆಯ ಕಡೆ ನೋಡದೆ, ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಣ್ಣಿಗೆ ಕಣ್ಣು ಸಿಕ್ಕರೆ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುತ್ತಿದ್ದೆ. ಹಾಗೆ ಕಣ್ಣು ಕಿರಿದಾಗಿಸಿದ ಅಪರಿಚಿತರ ಬಳಿಗೂ ಬೆಕ್ಕುಗಳು ಹೆಚ್ಚಾಗಿ ಬರುತ್ತವೆ ಎಂದು ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ನಾವು ಗೇಲಿ ಮಾಡುತ್ತೇವೆ. ಎದುರಿಗೆ ಒಬ್ಬರಿರುವಾಗ ಕಣ್ಣು ಮುಚ್ಚಲು ಎಷ್ಟು ನಂಬಿಕೆ ಬೇಕು ಎಂದು ಈಗ ಗೊತ್ತಾಗುತ್ತದೆ.

ಹತ್ತೊಂಬತ್ತನೇ ಸಂಜೆ ಅದು ಪೆಟ್ಟಿಗೆಯಿಂದ ಹೊರಬಂದು ನನ್ನ ಚಪ್ಪಲಿಗೆ ಕೆನ್ನೆ ಉಜ್ಜಿತು. ನನಗಲ್ಲ, ಚಪ್ಪಲಿಗೆ. ತೊಡೆಯ ಮೇಲೆ ಅದು ಈವರೆಗೂ ಕೂತಿಲ್ಲ, ಮುಂದೆಯೂ ಕೂರಲಾರದೇನೋ. ಆದರೆ ಬೀರುವಿನ ನೆತ್ತಿಯ ಮೇಲೆ, ನಾವು ಹಳೆಯ ಸೂಟ್‌ಕೇಸ್ ಇಡುತ್ತಿದ್ದ ಜಾಗದಲ್ಲಿ, ಈಗ ಅದರ ಪೆಟ್ಟಿಗೆ ಇದೆ. ಕಳೆದ ತಿಂಗಳು ಅಮ್ಮ ಬಂದಿದ್ದರು. ತಲೆಯೆತ್ತಿ ನೋಡಿ, “ಅಂತೂ ಅಟ್ಟ ಕಟ್ಟಿಸಿದೆಯಲ್ಲ” ಎಂದರು.